ಅಜ್ಜಿಯ ಹೆಸರನ್ನೂ ಬರೆಯಬೇಕು

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಸಂಜೆ ವಾಕಿಂಗ್ ಹೋದರೆ ಕಿವಿಗೆ ಬೀಳುವ ಮಾತಲ್ಲಿ ಅರ್ಧ ಹೊರದೇಶದಲ್ಲಿರುವ ಮಕ್ಕಳದ್ದೇ. ಮಗ ಡಲ್ಲಾಸ್‌ನಲ್ಲಿ, ಮಗಳು ಮ್ಯೂನಿಕ್‌ನಲ್ಲಿ, ಅಳಿಯನಿಗೆ ಇನ್ನೂ ಗ್ರೀನ್ ಕಾರ್ಡ್ ಬಂದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಇಲ್ಲಿ ಶುರುವಾಗಿದ್ದು 1951ರಲ್ಲಿ. ಬಿಐಇಟಿ 1979ರಲ್ಲಿ ಬಂತು. ಓದಿದವರು ಬೆಂಗಳೂರಿಗೆ ಹೋದರು, ಅಲ್ಲಿಂದ ಹೊರಗೆ ಹೋದರು. ಹಬ್ಬಕ್ಕೆ ವಿಡಿಯೋ ಕಾಲ್, ಎರಡು ಮೂರು ವರ್ಷಕ್ಕೊಮ್ಮೆ ಊರು. ನಮ್ಮ ಮಟ್ಟಿಗೆ ಇದು ಸಂಸಾರದ ವಿಷಯ, ಅಷ್ಟೇ.

ಆದರೆ ಈ ಮಕ್ಕಳಲ್ಲಿ ಯಾರಾದರೂ ದೇಶದ ರಹಸ್ಯಕ್ಕೆ ಸಂಬಂಧಪಟ್ಟ ಕೆಲಸಕ್ಕೆ ಸೇರಲು ಹೊರಟರೆ, ಇದೇ ಸಂಸಾರ ಒಂದು ಸರ್ಕಾರಿ ಫಾರಂ ಒಳಗೆ ಹೋಗಬೇಕಾಗುತ್ತದೆ. ಯಾರು ಯಾರಿಗೆ ಏನಾಗಬೇಕು, ಯಾವ ದೇಶದ ಪ್ರಜೆ, ಎಷ್ಟು ದಿನಕ್ಕೊಮ್ಮೆ ಮಾತಾಡುತ್ತೀರಿ, ದುಡ್ಡು ಕಳಿಸುತ್ತೀರಾ, ಆಸ್ತಿ ಇದೆಯಾ. ಇತ್ತೀಚೆಗೆ ಇಂಥ ಎರಡು ಫಾರಂಗಳು ನಮ್ಮ ಮನೆಯ ಸುತ್ತಮುತ್ತಲೇ ಬಂದವು. ಒಂದು ಅಮೆರಿಕದ್ದು, ನನ್ನ ಅಕ್ಕನ ಮಗನದು. ಇನ್ನೊಂದು ನಮ್ಮ ಕೇಂದ್ರ ಸರ್ಕಾರದ್ದು, ಪಕ್ಕದ ಮನೆಯ ಹುಡುಗಿಯದು. ಅಲ್ಲಿನ ಫಾರಂನಲ್ಲಿ ದಾವಣಗೆರೆಯ ನಾವು ಹೊರದೇಶದ ನೆಂಟರು. ಇಲ್ಲಿನ ಫಾರಂನಲ್ಲಿ ಅಮೆರಿಕದಲ್ಲಿರುವವರು ಹೊರದೇಶದ ನೆಂಟರು. ಎರಡರಲ್ಲೂ ಮನೆಯವರು ಕೊಟ್ಟ ಮೊದಲ ಸಲಹೆ ಒಂದೇ: "ಅದನ್ನೆಲ್ಲ ಯಾಕೆ ಬರೀತೀಯ, ಸುಮ್ನೆ ಬಿಟ್ಟುಬಿಡು." ಈ ಸಲಹೆ ಎಷ್ಟು ಅಪಾಯದ್ದು ಅನ್ನುವುದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಮೆರಿಕದ ವಿಷಯ. ಅಕ್ಕನ ಮಗ ಹುಟ್ಟಿದ್ದು ದಾವಣಗೆರೆಯಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಹೋದವನು ಅಲ್ಲೇ ಬೆಳೆದು, ಅಲ್ಲಿನ ಪ್ರಜೆಯಾದ. ಓದು ಮುಗಿಸಿ ಕೆಲಸ ಮಾಡುತ್ತಿದ್ದವನಿಗೆ ಅಲ್ಲಿನ ರಕ್ಷಣಾ ಇಲಾಖೆಗೆ ಕೆಲಸ ಮಾಡಿಕೊಡುವ ಒಂದು ಕಂಪನಿಯಲ್ಲಿ ಅವಕಾಶ ಸಿಕ್ಕಿತು. ಆದರೆ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗಬೇಕು. ಅಂದರೆ ರಹಸ್ಯ ಮಾಹಿತಿಯನ್ನು ನಂಬಿ ಇವನ ಕೈಗೆ ಕೊಡಬಹುದು ಅಂತ ಸರ್ಕಾರ ತೀರ್ಮಾನಿಸಬೇಕು. ಅಲ್ಲಿ ಇದಕ್ಕೆ ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಹಂತ. ಗ್ರೀನ್ ಕಾರ್ಡ್ ಇದ್ದವರಿಗೆ ಇದು ಸಿಗುವುದಿಲ್ಲ, ಪ್ರಜೆಯೇ ಆಗಿರಬೇಕು. ಕಂಪನಿ ಅರ್ಜಿಗೆ ದಾರಿ ಮಾಡಿಕೊಡಬಹುದು, ತೀರ್ಮಾನ ಮಾತ್ರ ಸರ್ಕಾರದ್ದೇ.

ತೀರ್ಮಾನಕ್ಕೆ ಅವರು ಇಟ್ಟುಕೊಂಡಿರುವ ಅಳತೆಗೋಲುಗಳು ಒಟ್ಟು 13, ಎ ಇಂದ ಎಂ ವರೆಗೆ. ಈಗಿನ ರೂಪದಲ್ಲಿ ಜಾರಿಗೆ ಬಂದದ್ದು 2017ರ ಜೂನ್ 8ರಂದು. ಸಾಲ, ಕುಡಿತ, ಮಾದಕ ವಸ್ತು, ಅಪರಾಧ, ನಡತೆ ಎಲ್ಲ ಇದರಲ್ಲಿವೆ. ನಮ್ಮಂಥ ಮನೆಗಳಿಗೆ ತಟ್ಟುವುದು ಎರಡನೆಯದು, ಗೈಡ್‌ಲೈನ್ ಬಿ. ಹೊರದೇಶದಲ್ಲಿರುವ ನೆಂಟರು, ಗೆಳೆಯರು, ಅಲ್ಲಿನ ಆಸ್ತಿ, ವ್ಯವಹಾರ. ಇವುಗಳ ಮೂಲಕ ಯಾರಾದರೂ ಈ ಮನುಷ್ಯನ ಮೇಲೆ ಒತ್ತಡ ಹಾಕಬಹುದೇ ಅನ್ನುವುದು ಅದರ ಪ್ರಶ್ನೆ.

ಎಸ್‌ಎಫ್ 86 ಅನ್ನುವ ಅವರ ಫಾರಂ ನಮ್ಮ ಯಾವ ಅರ್ಜಿಗೂ ಹೋಲುವುದಿಲ್ಲ, ಅಷ್ಟು ಉದ್ದ. ಅದರ 18ನೇ ಭಾಗ ನೆಂಟರದ್ದು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಅತ್ತೆ ಮಾವ, ಮಲತಂದೆ ಮಲತಾಯಿ ಹೀಗೆ. ತೀರಿಕೊಂಡವರ ಹೆಸರೂ ಬೇಕು. ಅಜ್ಜಿ, ಸೋದರಮಾವ ಆ ಪಟ್ಟಿಯಲ್ಲಿ ಇಲ್ಲ. ಇದನ್ನು ನೋಡಿ ಹುಡುಗ ಸ್ವಲ್ಪ ಉಸಿರು ಬಿಟ್ಟಿದ್ದ. ಆದರೆ 19ನೇ ಭಾಗ ನೆಂಟಸ್ತಿಕೆಯ ಹೆಸರು ಹಿಡಿದು ಕೇಳುವುದಿಲ್ಲ. ಹಿಂದಿನ ಏಳು ವರ್ಷದಲ್ಲಿ ನಿಮಗೋ ನಿಮ್ಮ ಹೆಂಡತಿಗೋ ಹತ್ತಿರದ, ಬಿಡದ ಒಡನಾಟ ಇರುವ ವಿದೇಶಿ ಪ್ರಜೆ ಯಾರು? ಪ್ರೀತಿಯಿಂದಲೋ, ಪ್ರಭಾವದಿಂದಲೋ, ಹಂಗಿನಿಂದಲೋ ನಿಮಗೆ ಕಟ್ಟಿಕೊಂಡವರು ಯಾರು? ಅಲ್ಲಿಗೆ ನನ್ನ ಅವ್ವನೂ ಬಂದರು, ನಾನೂ ಬಂದೆ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. "ಮಾಮ, ಅಜ್ಜಿ ಹುಟ್ಟಿದ ತಾರೀಖು ಏನು?" ಅವ್ವನ ಆಧಾರ್‌ನಲ್ಲಿ ಇರುವುದು ಜನವರಿ 1. ನಮ್ಮ ಕಡೆ ಆ ಕಾಲದವರಲ್ಲಿ ಎಷ್ಟು ಜನ ಜನವರಿ 1ಕ್ಕೋ ಜೂನ್ 1ಕ್ಕೋ ಹುಟ್ಟಿದ್ದಾರೆ ಅಂತ ಲೆಕ್ಕ ಹಾಕಲು ಸಾಧ್ಯವಿಲ್ಲ. ಹುಟ್ಟಿದ ಊರು ಹರಪನಹಳ್ಳಿ. ಜಿಲ್ಲೆ ಯಾವುದು ಅಂತ ಬರೆಯಬೇಕು? ಅವರು ಹುಟ್ಟಿದಾಗ ಬಳ್ಳಾರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇಲ್ಲಿಗೆ ಸೇರಿತು. ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು. 2021ರಿಂದ ವಿಜಯನಗರ. ಹುಡುಗನದೇ ಜನನ ಪ್ರಮಾಣಪತ್ರದಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆ ಅಂತಿದೆ, ಯಾಕೆಂದರೆ ಅವನು 1997ಕ್ಕೆ ಮುಂಚೆ ಹುಟ್ಟಿದವನು. ಪಾಸ್‌ಪೋರ್ಟ್‌ನಲ್ಲಿ ಬರೀ ದಾವಣಗೆರೆ. ಹೆಸರುಗಳ ಕಥೆಯೂ ಹೀಗೇ. ಭಾವನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಅಮೆರಿಕಕ್ಕೆ ಹೋದಾಗ ಅವರ ಅಪ್ಪನ ಹೆಸರೇ ಮನೆತನದ ಹೆಸರಾಯಿತು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಹೊಂದಿಕೆಯಾಗದ ಕಾಗದ ಕಂಡರೆ ತನಿಖೆ ಮಾಡುವವರಿಗೆ ಪ್ರಶ್ನೆ ಏಳುತ್ತದೆ. ಪ್ರಶ್ನೆ ಎದ್ದರೆ ತಡವಾಗುತ್ತದೆ. ಮುಚ್ಚಿಡಲು ಏನೂ ಇಲ್ಲದ ಮನೆ ಕೂಡ ಕಾಗದದಲ್ಲಿ ಅನುಮಾನ ಬರುವ ಹಾಗೆ ಕಾಣಬಹುದು. ಫಾರಂನಲ್ಲಿ ಟಿಪ್ಪಣಿ ಬರೆಯಲು ಜಾಗ ಇರುತ್ತದೆ. ಜಿಲ್ಲೆ ಹೀಗೆ ಬದಲಾಯಿತು, ಹೆಸರು ಹೀಗೆ ಬದಲಾಯಿತು ಅಂತ ಎರಡು ಸಾಲು ಬರೆದರೆ ಸಾಕು. ಅವನು ಬರೆದ.

ನನ್ನ ಬಗ್ಗೆ ಬರೆಯಬೇಕಾಗಿ ಬಂದಾಗ ಇನ್ನೊಂದು ಪ್ರಶ್ನೆ. ಈ ವ್ಯಕ್ತಿಗೆ ವಿದೇಶಿ ಸರ್ಕಾರ, ಸೇನೆ, ಗುಪ್ತಚರ ಇಲಾಖೆಯ ಜೊತೆ ಸಂಬಂಧ ಇದೆಯೇ? ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಪಿಂಚಣಿ ಬರುತ್ತದೆ. ಅವರ ಲೆಕ್ಕದಲ್ಲಿ ಅದು ವಿದೇಶಿ ಸರ್ಕಾರದ ಸಂಬಳ, ವಿದೇಶಿ ಸರ್ಕಾರದ ಪಿಂಚಣಿ. "ಮೇಷ್ಟ್ರ ಕೆಲಸ ಇದರಲ್ಲಿ ಬರುತ್ತಾ ಮಾಮ?" ಅಂತ ಅವನು ಕೇಳಿದ. ಬರುತ್ತದೆ, ಬರಿ ಅಂದೆ. ಸರ್ಕಾರಿ ಮೇಷ್ಟ್ರಿಗೂ ಗುಪ್ತಚರನಿಗೂ ಇರುವ ವ್ಯತ್ಯಾಸ ಓದುವವರಿಗೆ ಗೊತ್ತಾಗುತ್ತದೆ. ಬರೆಯದೆ ಬಿಟ್ಟರೆ ಯಾಕೆ ಬಿಟ್ಟ ಅನ್ನುವುದಕ್ಕೆ ಉತ್ತರ ಇರುವುದಿಲ್ಲ.

ಬರೀಬೇಡ ಅಂದವರ ಮಾತಿನ ಹಿಂದೆ ಕೆಟ್ಟ ಬುದ್ಧಿ ಇರಲಿಲ್ಲ. ಅವ್ವನೇ ಹೇಳಿದರು, "ನನ್ನ ಹೆಸರಿನಿಂದ ಹುಡುಗನಿಗೆ ತೊಂದರೆ ಆಗೋದಾದ್ರೆ ಬ್ಯಾಡಪ್ಪ, ನಾನು ಇಲ್ಲ ಅಂತ ಬರೀಲಿ." ಇದು ಅವರ ಪ್ರೀತಿ. ಆದರೆ ಇದರ ಹಿಂದೆ ನಮ್ಮ ಕಡೆ ಬೇರೂರಿರುವ ಒಂದು ಅಭ್ಯಾಸವೂ ಇದೆ. ನಾಡಕಚೇರಿಗೆ ವಂಶವೃಕ್ಷ ಕೊಡುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡುವ ಮನೆಗಳನ್ನು ನಾನು ನೋಡಿದ್ದೇನೆ. ಮದುವೆಯಾಗಿ ಹೋದವಳು, ಸಹಿಗೆ ಅಲೆಯುವುದು ಯಾಕೆ, ಪಾಲು ಕೇಳಿದರೆ ಏನು ಮಾಡುವುದು ಅಂತ. ಆ ಹೆಸರು ಬಿಟ್ಟಿದ್ದಕ್ಕೇ ಮುಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರನ್ನೂ ನೋಡಿದ್ದೇನೆ. ಸರ್ಕಾರಕ್ಕೆ ಎಷ್ಟು ಕಡಿಮೆ ಹೇಳಿದರೆ ಅಷ್ಟು ಕ್ಷೇಮ ಅನ್ನುವುದು ನಮ್ಮ ಹಿರಿಯರು ಕಷ್ಟದಿಂದ ಕಲಿತ ಪಾಠ ಇರಬಹುದು. ಈ ವಿಷಯದಲ್ಲಿ ಮಾತ್ರ ಅದು ಪೂರ್ತಿ ತಿರುಗುಮುರುಗು.

ಯಾಕೆಂದರೆ ಆ ಫಾರಂನಲ್ಲಿ ಬೇಕೆಂದೇ ಸುಳ್ಳು ಹೇಳುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ, ಐದು ವರ್ಷದವರೆಗೆ ಜೈಲಾಗಬಹುದು. ಜೈಲಿನ ಮಾತು ಹಾಗಿರಲಿ. 13 ಅಳತೆಗೋಲುಗಳಲ್ಲಿ ವೈಯಕ್ತಿಕ ನಡತೆಗೆ ಒಂದು ಪೂರ್ತಿ ಅಧ್ಯಾಯ ಇದೆ, ಗೈಡ್‌ಲೈನ್ ಇ. ಫಾರಂನಲ್ಲಿ ಮುಚ್ಚಿಟ್ಟದ್ದು ನೇರವಾಗಿ ಅಲ್ಲಿಗೆ ಬರುತ್ತದೆ. ಹರಪನಹಳ್ಳಿಯಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಬಾಳಿದ ಅಜ್ಜಿಯಿಂದ ಅಮೆರಿಕದ ಭದ್ರತೆಗೆ ಅಪಾಯ ಇಲ್ಲ ಅಂತ ಒಪ್ಪಿಸುವುದು ಸುಲಭ. ಇದ್ದ ಅಜ್ಜಿಯನ್ನು ಇಲ್ಲ ಅಂತ ಬರೆದ ಮೊಮ್ಮಗನನ್ನು ನಂಬಬಹುದು ಅಂತ ಒಪ್ಪಿಸುವುದು ಬಹಳ ಕಷ್ಟ. ಮೇಲಾಗಿ, ಗುಟ್ಟು ಇಟ್ಟುಕೊಂಡವನನ್ನೇ ಅಲ್ಲವೇ ಯಾರಾದರೂ ಹೆದರಿಸಲು ಸಾಧ್ಯ? ಎಲ್ಲವನ್ನೂ ಹೇಳಿಕೊಂಡವನ ಮೇಲೆ ಹಿಡಿತ ಸಾಧಿಸುವುದು ಕಷ್ಟ.

ಇಷ್ಟಕ್ಕೂ ಈ ಪ್ರಶ್ನೆ ನ್ಯಾಯವೇ? ನಾನು ಇದನ್ನು ಬಹಳ ಯೋಚಿಸಿದೆ. ಕೇಳುವುದರಲ್ಲಿ ಅರ್ಥ ಇದೆ ಅನ್ನುವ ತೀರ್ಮಾನಕ್ಕೆ ಬಂದಿದ್ದೇನೆ, ಆದರೆ ಪೂರ್ತಿ ಸಮಾಧಾನದಿಂದ ಅಲ್ಲ.

ಅರ್ಥ ಇರುವುದು ಹೀಗೆ. ಹೊರದೇಶದಲ್ಲಿರುವವರನ್ನು ಅವರ ಮನೆಯವರ ಮೂಲಕ ಹೆದರಿಸುವ ಸರ್ಕಾರಗಳು ನಿಜವಾಗಿಯೂ ಇವೆ. ಅಮೆರಿಕದ ರೇಡಿಯೋ ಫ್ರೀ ಏಷ್ಯಾದಲ್ಲಿ ಕೆಲಸ ಮಾಡುತ್ತಿದ್ದ ಉಯ್ಘರ್ ಪತ್ರಕರ್ತರ ಮನೆಯವರನ್ನು ಚೀನಾದ ಶಿನ್‌ಜಿಯಾಂಗ್‌ನಲ್ಲಿ ಬಂಧಿಸಿದ ಸುದ್ದಿ 2018ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಆ ಪತ್ರಕರ್ತರು ಮಾಡಿದ ತಪ್ಪು ವರದಿ ಬರೆದದ್ದು. ಅಂಥ ಒತ್ತಡ ಬಂದರೆ ಯಾವ ಮಗ, ಯಾವ ಮಗಳು ತಡೆದುಕೊಂಡಾರು? ಅದಕ್ಕೇ ಗೈಡ್‌ಲೈನ್ ಬಿ ನಿಷ್ಠೆಯನ್ನು ಅನುಮಾನಿಸುವ ನಿಯಮ ಅಲ್ಲ. ನಿಷ್ಠೆಗೆ ಬೇರೆಯದೇ ಇದೆ, ಗೈಡ್‌ಲೈನ್ ಎ. ಬಿ ಕೇಳುವುದು, ನೀನು ಒಳ್ಳೆಯವನೇ ಇರಬಹುದು, ನಿನ್ನ ಪ್ರೀತಿಯನ್ನು ಬೇರೆಯವರು ಅಸ್ತ್ರ ಮಾಡಿಕೊಂಡರೆ ಏನು ಮಾಡುತ್ತೀಯ ಅಂತ. ಈ ಭೇದ ತಿಳಿದ ಮೇಲೆ ನಮ್ಮ ಹುಡುಗನ ಸಿಟ್ಟು ಕಡಿಮೆಯಾಯಿತು. ಅಲ್ಲಿಯವರೆಗೆ ಅವನಿಗೆ, "ಹುಟ್ಟಿದ ಊರಿನಿಂದಾಗಿ ನನ್ನನ್ನು ಕಳ್ಳನ ಹಾಗೆ ನೋಡುತ್ತಿದ್ದಾರೆ" ಅನ್ನುವ ನೋವಿತ್ತು.

ಸಮಾಧಾನ ಇಲ್ಲದಿರುವುದು ಇಲ್ಲಿ. ಅಮೆರಿಕಕ್ಕೆ ದೊಡ್ಡ ಪೆಟ್ಟು ಕೊಟ್ಟ ಗೂಢಚಾರರನ್ನು ನೋಡಿ. ರಾಬರ್ಟ್ ಹ್ಯಾನ್ಸನ್ ಹುಟ್ಟಿದ್ದು ಶಿಕಾಗೋದಲ್ಲಿ, ಅಪ್ಪ ಅಲ್ಲಿನ ಪೊಲೀಸ್. ಎಫ್‌ಬಿಐನಲ್ಲೇ ಇದ್ದುಕೊಂಡು 1979ರಿಂದ ಶುರುಮಾಡಿ, ನಡುನಡುವೆ ಬಿಟ್ಟು, ರಷ್ಯನ್ನರಿಗೆ ಮಾಹಿತಿ ಮಾರಿದ. ಸಿಕ್ಕಿಬಿದ್ದದ್ದು 2001ರಲ್ಲಿ. ಜಾನ್ ವಾಕರ್ ನೌಕಾಪಡೆಯವನು, ಸಾಲದಲ್ಲಿದ್ದ. 1960ರ ದಶಕದ ಕೊನೆಯಲ್ಲಿ ತಾನೇ ಸೋವಿಯತ್ ರಾಯಭಾರ ಕಚೇರಿಗೆ ನಡೆದುಹೋದ. 1985ರಲ್ಲಿ ಬಂಧನವಾಗುವವರೆಗೂ ಗುಪ್ತ ಸಂಕೇತಗಳನ್ನು ಮಾರುತ್ತಿದ್ದ. ತನ್ನ ಅಣ್ಣನನ್ನೂ ಮಗನನ್ನೂ ಅದರಲ್ಲಿ ಸೇರಿಸಿಕೊಂಡ. ಕೊನೆಗೆ ಎಫ್‌ಬಿಐಗೆ ಹೇಳಿದ್ದು ಅವನಿಂದ ದೂರವಾಗಿದ್ದ ಹೆಂಡತಿ. ಇವರನ್ನು ಈ ದಾರಿಗೆ ಎಳೆದದ್ದು ದೂರದೇಶದ ಅಜ್ಜಿ ಅಲ್ಲ. ದುಡ್ಡು. ವಾಕರ್ ಜಾಲದಲ್ಲಿದ್ದ ನೆಂಟರು ಅಮೆರಿಕದೊಳಗೇ ಇದ್ದರು. ಆದ್ದರಿಂದ ನೆಂಟರ ಪಟ್ಟಿ ಕೇಳುವುದು ಸರಿ, ಆದರೆ ಆ ಪಟ್ಟಿ ಉದ್ದವಿದ್ದ ಮಾತ್ರಕ್ಕೆ ಮನುಷ್ಯನನ್ನು ಅಳೆಯುವುದು ತಪ್ಪು. ಅವರ ನಿಯಮವೂ ಮನುಷ್ಯನನ್ನು ಇಡಿಯಾಗಿ ನೋಡಬೇಕು ಅಂತಲೇ ಹೇಳುತ್ತದೆ. ನೋಡುವವರು ಹಾಗೆ ನೋಡಬೇಕು, ಅಷ್ಟೇ.

ನೆಂಟರು ಇರುವ ದೇಶ ಯಾವುದು ಅನ್ನುವುದಕ್ಕೂ ತೂಕ ಇದೆ. ಆ ದೇಶದ ಸರ್ಕಾರ ಎಂಥದ್ದು, ಅಮೆರಿಕದ ಜೊತೆ ಹೇಗಿದೆ, ಅಲ್ಲಿನ ಗುಪ್ತಚರರು ಏನು ಮಾಡುತ್ತಾರೆ, ಭಯೋತ್ಪಾದನೆ ಇದೆಯೇ ಎಲ್ಲ ನೋಡುತ್ತಾರೆ. ಅರ್ಜಿ ಬಿದ್ದುಹೋಗಿ ಮೇಲ್ಮನವಿಗೆ ಹೋದ ಕಂಪನಿ ನೌಕರರ ತೀರ್ಪುಗಳು ಹೆಸರು ಅಳಿಸಿ ಸಾರ್ವಜನಿಕವಾಗಿ ಸಿಗುತ್ತವೆ. ಭಾರತದಲ್ಲಿ ಅಪ್ಪ ಅಮ್ಮ, ಅತ್ತೆ ಮಾವ ಇರುವವರ ತೀರ್ಪುಗಳೂ ಅದರಲ್ಲಿವೆ. ಓದಿದರೆ ನಮ್ಮ ಪಕ್ಕದ ಬೀದಿಯ ಮನೆಗಳನ್ನೇ ಕಂಡಂತಾಗುತ್ತದೆ. ನಿವೃತ್ತ ಸರ್ಕಾರಿ ನೌಕರ ತಂದೆ, ಗೃಹಿಣಿ ತಾಯಿ, ವಾರಕ್ಕೊಮ್ಮೆ ಫೋನು, ಆಸ್ಪತ್ರೆ ಖರ್ಚಿಗೆ ಕಳಿಸಿದ ದುಡ್ಡು. ಭಾರತ ಪ್ರಜಾಪ್ರಭುತ್ವ, ಅಮೆರಿಕಕ್ಕೆ ಸ್ನೇಹದ ದೇಶ ಅನ್ನುವುದನ್ನು ನ್ಯಾಯಾಧೀಶರು ಗಮನಿಸುತ್ತಾರೆ. ಹಾಗಂತ ಪ್ರಶ್ನೆಯೇ ಇಲ್ಲ ಅಂತಲ್ಲ.

ಹೆಚ್ಚು ನೋವು ಕೊಡುವ ಭಾಗಕ್ಕೆ ಈಗ ಬರುತ್ತೇನೆ. ಯಾವ ಕಾರಣಗಳಿಂದ ಅನುಮಾನ ಹಗುರವಾಗುತ್ತದೆ ಅಂತ ನಿಯಮದಲ್ಲೇ ಬರೆದಿದ್ದಾರೆ. ಅದರಲ್ಲಿ ಒಂದು, ಒಡನಾಟ ತೀರಾ ಅಪರೂಪದ್ದು, ಮೇಲುಮೇಲಿನದು ಆಗಿದ್ದರೆ. ಇದನ್ನು ಎಲ್ಲೋ ಓದಿದ ನೆಂಟರೊಬ್ಬರು ಅಕ್ಕನಿಗೆ ಹೇಳಿದರು: "ಕೆಲಸ ಸಿಗೋವರೆಗೆ ಅಜ್ಜಿಗೆ ಫೋನ್ ಮಾಡೋದು ಕಮ್ಮಿ ಮಾಡ್ಲಿ. ಆಮೇಲೆ ಮಾಡ್ಕೊಳ್ಳಲಿ." ಅಕ್ಕ ಇದನ್ನು ನನಗೆ ಹೇಳುವಾಗ ಅವಳ ದನಿ ನಡುಗುತ್ತಿತ್ತು. ಅವ್ವನಿಗೆ ಎಂಬತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಆ ಹುಡುಗನ ಫೋನಿಗೆ ಕಾಯುತ್ತಾರೆ. ಈ ವಯಸ್ಸಿನವರಿಗೆ ಆಮೇಲೆ ಅನ್ನುವುದನ್ನು ಯಾರು ಬರೆದುಕೊಟ್ಟಿದ್ದಾರೆ?

ಆ ಸಲಹೆ ಕ್ರೂರವಾದದ್ದು. ಅಷ್ಟೇ ಅಲ್ಲ, ಉಪಯೋಗಕ್ಕೂ ಬರುವುದಿಲ್ಲ. ಹಿಂದಿನ ಏಳು ವರ್ಷದ ಒಡನಾಟವನ್ನು ಕೇಳುವಾಗ ಕೊನೆಯ ಎರಡು ತಿಂಗಳು ಫೋನು ನಿಲ್ಲಿಸಿದರೆ ಏನು ಬಂತು? ಹತ್ತಿರದ ಬಂಧುಗಳ ಜೊತೆಗಿನ ಒಡನಾಟವನ್ನು ಅವರು ಸುಲಭಕ್ಕೆ ಮೇಲುಮೇಲಿನದು ಅಂತ ಒಪ್ಪುವುದಿಲ್ಲ. ಹೆಂಡತಿಯ ಅಪ್ಪ ಅಮ್ಮನ ಮೇಲೂ ನಿಮಗೆ ಮಮತೆ ಇದೆ ಅಂತಲೇ ಅಲ್ಲಿನ ಮೇಲ್ಮನವಿ ಮಂಡಳಿ ಹಿಡಿದುಕೊಳ್ಳುತ್ತದೆ. ಇಲ್ಲ ಅನ್ನುವವರು ಅದನ್ನು ತೋರಿಸಬೇಕು. ಇದೊಂದೇ ದಾರಿಯೂ ಅಲ್ಲ. ಅಮೆರಿಕದಲ್ಲಿ ಅವನ ಬೇರು ಎಷ್ಟು ಆಳಕ್ಕೆ ಇಳಿದಿದೆ? ಅಮ್ಮ ಅಲ್ಲಿ, ಮನೆ ಅಲ್ಲಿ, ಓದು, ಗೆಳೆಯರು, ತೆರಿಗೆ ಎಲ್ಲ ಅಲ್ಲಿ. ಒಂದು ವೇಳೆ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಅವನು ಅಮೆರಿಕದ ಹಿತವನ್ನೇ ಆರಿಸುತ್ತಾನೆ ಅನ್ನುವಷ್ಟು ಆಳವಾದ ನಂಟು ಇದ್ದರೆ ಅದಕ್ಕೆ ಬೆಲೆ ಇದೆ. ನಿಯಮ ಪ್ರೀತಿ ಬಿಡು ಅನ್ನುವುದಿಲ್ಲ. "ಅಜ್ಜಿಯ ಜೊತೆ ಪ್ರತಿ ವಾರ ಮಾತಾಡುತ್ತೇನೆ, ಅವರನ್ನು ಪ್ರೀತಿಸುತ್ತೇನೆ, ನನ್ನ ಕೆಲಸದ ವಿವರ ಅವರಿಗೆ ಗೊತ್ತಿಲ್ಲ, ಯಾರಾದರೂ ಅವರ ಮೂಲಕ ಏನಾದರೂ ಕೇಳಿದರೆ ಕೂಡಲೇ ತಿಳಿಸುತ್ತೇನೆ." ಇದು ಅವನು ಕೊಡಲು ನಿರ್ಧರಿಸಿದ ಉತ್ತರ. ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಜಮೀನಿನ ವಿಷಯ ಯಾರ ತಲೆಗೂ ಬಂದಿರಲಿಲ್ಲ. ಭಾವ ತೀರಿಕೊಂಡ ಮೇಲೆ ಚನ್ನಗಿರಿ ಕಡೆಯ ಅವರ ಪಾಲಿನ ಅಡಿಕೆ ತೋಟಕ್ಕೆ ಪೌತಿ ಖಾತೆ ಮಾಡಿಸಿದ್ದೆವು. ಪಹಣಿಯಲ್ಲಿ ಅಕ್ಕನ ಹೆಸರಿನ ಜೊತೆ ಹುಡುಗನ ಹೆಸರೂ ಜಂಟಿಯಾಗಿ ಬಂದಿದೆ. ಹೊರದೇಶದ ಪ್ರಜೆಯಾದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ವಾರಸಾಗಿ ಬರಬಹುದು. ಹುಡುಗ ಆ ತೋಟವನ್ನು ಸರಿಯಾಗಿ ನೋಡಿಯೂ ಇಲ್ಲ. ಆದರೆ ಫಾರಂ ಕೇಳುತ್ತದೆ, ಹೊರದೇಶದಲ್ಲಿ ನಿಮ್ಮ ಹೆಸರಿನಲ್ಲಿ ಸ್ಥಿರಾಸ್ತಿ ಇದೆಯೇ, ಮುಂದೆ ಬರುವ ನಿರೀಕ್ಷೆ ಇದೆಯೇ? ಅಲ್ಲಿ ಆ ತೋಟ ಬರಬೇಕು. ಅಜ್ಜಿಯ ಕಣ್ಣಿನ ಆಪರೇಷನ್‌ಗೆ ಕಳಿಸಿದ ದುಡ್ಡೂ ಬರಬೇಕು, ಯಾಕೆಂದರೆ ವಿದೇಶಿ ಪ್ರಜೆಗೆ ಹಣದ ನೆರವು ಕೊಟ್ಟಿದ್ದೀರಾ ಅನ್ನುವ ಪ್ರಶ್ನೆಯೂ ಇದೆ. ಹೊರದೇಶದ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡು ಅವನಿಗಿದೆ, ಅದರ ವಿಷಯವೂ ಅಷ್ಟೇ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ, ಒಸಿಐ ಪೌರತ್ವ ಅಲ್ಲ. ಆದರೂ ಅದನ್ನು ಹೇಳಿಕೊಳ್ಳಬೇಕು. ಊರಲ್ಲಿರುವ ಅಣ್ಣತಮ್ಮಂದಿರಿಗೆ ನನ್ನ ಮನವಿ ಇಷ್ಟೇ: ಹೊರಗಿರುವವರ ಹೆಸರನ್ನು ಖಾತೆಗೆ ಸೇರಿಸಿದರೆ ಅವರಿಗೆ ತಿಳಿಸಿ, ಪಹಣಿಯ ಪ್ರತಿ ಕಳಿಸಿ. ತನಗೇ ಗೊತ್ತಿಲ್ಲದ ಆಸ್ತಿಯ ಬಗ್ಗೆ ಅಧಿಕಾರಿಯ ಎದುರು ಕೂತು ತಡವರಿಸುವ ಸ್ಥಿತಿ ಯಾರ ಮಕ್ಕಳಿಗೂ ಬರಬಾರದು.

ಇನ್ನು ನಮ್ಮ ದೇಶದ ಫಾರಂ. ಪಕ್ಕದ ಮನೆಯ ಹುಡುಗಿಯ ತವರೂರು ಚಳ್ಳಕೆರೆ ತಾಲ್ಲೂಕು. ಅವಳಿಗೆ ಈ ಕೆಲಸದ ಆಸೆ ಹುಟ್ಟಿದ್ದೇ ಅಲ್ಲಿಂದ. ಕುದಾಪುರದ ಸುತ್ತ, ಒಂದು ಕಾಲದಲ್ಲಿ ಅಮೃತಮಹಲ್ ಕಾವಲು ಆಗಿದ್ದ ಬಯಲಿನಲ್ಲಿ, ಈಗ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಐಐಎಸ್‌ಸಿ ಎಲ್ಲಕ್ಕೂ ಜಾಗ ಇದೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರ ಮೇ 28ರಂದು ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ಅದು ತಾನೇ ಬಂದು ಇಳಿದದ್ದು ಅಲ್ಲಿನ ರನ್‌ವೇ ಮೇಲೆ. (ಆ ಕಾವಲನ್ನು ನಂಬಿದ್ದ ಕುರಿಗಾಹಿಗಳ ಕಷ್ಟ ಬೇರೆಯೇ ಇದೆ. ಅದನ್ನು ಮರೆತು ಈ ಹೆಮ್ಮೆ ಪಡುವುದು ನನ್ನಿಂದ ಆಗುವುದಿಲ್ಲ.) ಮಳೆಯೇ ಕಾಣದ ತಾಲ್ಲೂಕಿನ ಹುಡುಗಿಯೊಬ್ಬಳು ನಾನೂ ಇಂಥ ಕಡೆ ಕೆಲಸ ಮಾಡುತ್ತೇನೆ ಅಂತ ಓದಿ, ರಕ್ಷಣೆಗೆ ಸಂಬಂಧಪಟ್ಟ ಕೇಂದ್ರದ ಹುದ್ದೆಯೊಂದಕ್ಕೆ ಆಯ್ಕೆಯಾದಳು. ಅವಳ ಅಣ್ಣ ಟೆಕ್ಸಾಸ್‌ನಲ್ಲಿದ್ದಾನೆ.

ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರುವವರು ಅಟೆಸ್ಟೇಷನ್ ಫಾರಂ ತುಂಬಬೇಕು. ಪಾಸ್‌ಪೋರ್ಟ್‌ಗೆ ಆಗುವ ಪೊಲೀಸ್ ವೆರಿಫಿಕೇಶನ್ ನಮಗೆಲ್ಲ ಗೊತ್ತು. ಇದು ಅದಕ್ಕಿಂತ ಆಳ. ಎಲ್ಲೆಲ್ಲಿ ವಾಸವಿದ್ದಿರಿ, ಎಲ್ಲೆಲ್ಲಿ ಓದಿದಿರಿ, ಮನೆಯವರ ರಾಷ್ಟ್ರೀಯತೆ, ಹುಟ್ಟಿದ ಊರು, ಉದ್ಯೋಗ, ವಿಳಾಸ. ಮಕ್ಕಳು ಹೊರದೇಶದಲ್ಲಿ ಓದುತ್ತಿದ್ದರೆ ಅಥವಾ ವಾಸವಿದ್ದರೆ ಅದಕ್ಕೆ ಬೇರೆ ಕಾಲಂ. ಸುಳ್ಳು ಬರೆದರೆ, ವಿಷಯ ಮುಚ್ಚಿಟ್ಟರೆ ಅನರ್ಹತೆ ಅಂತ ಫಾರಂನ ಶುರುವಿನಲ್ಲೇ ಎಚ್ಚರಿಕೆ ಇದೆ. ಅಣ್ಣ ಹೊರದೇಶದಲ್ಲಿದ್ದಾನೆ ಅನ್ನುವುದು ಅನರ್ಹತೆ ಅಂತ ಎಲ್ಲೂ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ವಿದೇಶಿ ಪ್ರಜೆಯನ್ನು ಮದುವೆಯಾದರೂ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು ಅಂತ ಕೇಂದ್ರ ನೌಕರರ 1964ರ ನಡತೆ ನಿಯಮಗಳು ಹೇಳುತ್ತವೆ. ತಿಳಿಸು ಅನ್ನುತ್ತವೆ, ಮದುವೆಯಾಗಲೇಬೇಡ ಅನ್ನುವುದಿಲ್ಲ.

ಇಲ್ಲೂ ಅದೇ ಸಲಹೆ ಬಂತು. ಅಣ್ಣನ ಬೆಂಗಳೂರು ವಿಳಾಸ ಹಾಕು, ಯಾರು ನೋಡುತ್ತಾರೆ ಅಂತ ಅವಳ ದೊಡ್ಡಪ್ಪ ಹೇಳಿದರು. ನಾನು ಅವರನ್ನು ಕೂರಿಸಿಕೊಂಡು 2016ರ ಅವತಾರ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಹೇಳಿದೆ. ಅದು ಕ್ರಿಮಿನಲ್ ಕೇಸುಗಳನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದವರ ವಿಷಯ. ಆದರೆ ಅಲ್ಲಿ ಕೋರ್ಟ್ ಹಾಕಿಕೊಟ್ಟ ಗೆರೆ ಎಲ್ಲರಿಗೂ ಉಪಯೋಗದ್ದು. ಫಾರಂನಲ್ಲಿ ಕೊಡುವ ಮಾಹಿತಿ ನಿಜವಾಗಿರಬೇಕು. ಮುಚ್ಚಿಟ್ಟದ್ದು ಗೊತ್ತಾದರೆ, ವಿಷಯ ಎಷ್ಟು ಗಂಭೀರ, ಹುದ್ದೆ ಎಂಥದ್ದು ಅಂತ ನೋಡಿ ಸರ್ಕಾರ ಕೆಲಸದಿಂದ ತೆಗೆಯಬಹುದು. ಕ್ಷುಲ್ಲಕವಾದದ್ದಾದರೆ ಮನ್ನಿಸಲೂಬಹುದು. ಫಾರಂನಲ್ಲಿ ಕೇಳಿಯೇ ಇಲ್ಲದ್ದನ್ನು ಹೇಳಲಿಲ್ಲ ಅಂತ ಶಿಕ್ಷಿಸುವಂತಿಲ್ಲ. ಅಣ್ಣ ಟೆಕ್ಸಾಸ್‌ನಲ್ಲಿರುವುದು ಸಣ್ಣ ವಿಷಯ. ಅದನ್ನು ಬೆಂಗಳೂರು ಅಂತ ಬರೆದರೆ ಆ ಕ್ಷಣದಿಂದ ಅದು ದೊಡ್ಡ ವಿಷಯ. ಹುಡುಗಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ, ಅವಳು ಮೊದಲೇ ಟೆಕ್ಸಾಸ್ ಅಂತಲೇ ಬರೆದಿದ್ದಳು. ಠಾಣೆಯಿಂದ ವಿಚಾರಿಸಲು ಬಂದವರು ನಮ್ಮ ಮನೆಗೂ ಬಂದರು. ಅಣ್ಣ ಎಲ್ಲಿದ್ದಾನೆ, ಏನು ಕೆಲಸ ಅಂತ ಕೇಳಿದರು. ಗೊತ್ತಿದ್ದದ್ದನ್ನು ಹೇಳಿದೆ, ಬರೆದುಕೊಂಡು ಹೋದರು.

ಹಿರಿಯರ ಭಯ ಸುಮ್ಮನೆ ಹುಟ್ಟಿದ್ದಲ್ಲ ಅನ್ನುವುದನ್ನೂ ಹೇಳಬೇಕು. ಹೊರದೇಶದವರ ಜೊತೆ ಹೆಸರು ತಳಕು ಹಾಕಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಂಬಿ ನಾರಾಯಣನ್ ನಮ್ಮ ಕಣ್ಣೆದುರಿನ ಉದಾಹರಣೆ. ಇಸ್ರೋದ ಆ ಹಿರಿಯ ವಿಜ್ಞಾನಿಯನ್ನು 1994ರಲ್ಲಿ ಕೇರಳ ಪೊಲೀಸರು ಗೂಢಚರ್ಯೆಯ ಆರೋಪದಲ್ಲಿ ಬಂ‍ಧಿಸಿದರು. ಆರೋಪದಲ್ಲಿ ಹುರುಳಿಲ್ಲ ಅಂತ 1996ರಲ್ಲೇ ಸಿಬಿಐ ಹೇಳಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ನಡುವೆ 24 ವರ್ಷ ಹೋಗಿತ್ತು. ಆ ದುಡ್ಡು ಯಾವ ವರ್ಷವನ್ನು ವಾಪಸ್ ಕೊಟ್ಟೀತು? ಅನುಮಾನ ಪಡುವುದು ಸರ್ಕಾರದ ಹಕ್ಕು ಇರಬಹುದು. ಅನುಮಾನವನ್ನು ಬೇಗ, ನೇರವಾಗಿ, ಸಾಕ್ಷಿಯ ಮೇಲೆ ತೀರಿಸುವುದು ಅದರ ಕರ್ತವ್ಯ.

ಈ ವಿಷಯದಲ್ಲಿ ಅಮೆರಿಕದಿಂದ ನಾವು ಕಲಿಯಬೇಕಾದದ್ದು ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಅನುಮಾನ ಉಳಿದರೆ ಅದು ದೇಶದ ಪರವಾಗಿಯೇ ತೀರ್ಮಾನವಾಗಬೇಕು ಅನ್ನುವುದೂ ನಿಯಮದಲ್ಲಿದೆ. ಇಷ್ಟು ಬಿಗಿ ಇದ್ದರೂ, ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಯ ನೌಕರನಿಗೆ ಕ್ಲಿಯರೆನ್ಸ್ ಕೊಡಲು ಆಗದು ಅನಿಸಿದರೆ ಕಾರಣಗಳನ್ನು ಬರೆದು ಕಳಿಸುತ್ತಾರೆ. ಇಂಥ ನೆಂಟರು ಇಂಥ ದೇಶದಲ್ಲಿದ್ದಾರೆ, ಇಷ್ಟು ಆಸ್ತಿ ಇದೆ, ಆದ್ದರಿಂದ ಅಂತ. ಅವನು 20 ದಿನದೊಳಗೆ ಒಂದೊಂದಕ್ಕೂ ಉತ್ತರ ಕೊಡಬಹುದು, ನ್ಯಾಯಾಧೀಶರ ಎದುರು ವಿಚಾರಣೆ ಕೇಳಬಹುದು, ಸಾಕ್ಷಿ ಕರೆಸಬಹುದು. ತೀರ್ಪು ಬರೆದು ಕೊಡುತ್ತಾರೆ. ತನಿಖೆ ಮುಗಿಯುವ ಮುಂಚೆ ತಾತ್ಕಾಲಿಕವಾಗಿ ಕೊಡುವ ಮಧ್ಯಂತರ ಕ್ಲಿಯರೆನ್ಸ್ ಅಕ್ಕನ ಮಗನಿಗೆ ಸಿಗಲಿಲ್ಲ, ಪೂರ್ತಿ ತನಿಖೆ ಇದನ್ನು ಬರೆಯುವ ಹೊತ್ತಿಗೂ ನಡೆಯುತ್ತಿದೆ. ಆದರೂ ಅವನು ಧೈರ್ಯವಾಗಿದ್ದಾನೆ. ಒಪ್ಪದಿದ್ದರೆ ಯಾಕೆ ಅಂತ ಅವನಿಗೆ ತಿಳಿಯುತ್ತದೆ.

ನಮ್ಮ ಹುಡುಗಿಗೆ ಅಂಥ ದಾರಿ ಅಷ್ಟು ಸ್ಪಷ್ಟವಾಗಿಲ್ಲ. ವೆರಿಫಿಕೇಶನ್ ಎಲ್ಲಿಗೆ ಬಂತು ಅಂತ ಕೇಳಿದರೆ ಬಾಕಿ ಇದೆ ಅನ್ನುವುದಷ್ಟೇ ಉತ್ತರ. ಅನ್ಯಾಯವಾದರೆ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು, ಆದರೆ ಅದು ವಕೀಲರು, ವಾಯಿದೆ, ಬೆಂಗಳೂರಿಗೆ ಓಡಾಟ. 2023ರ ಏಪ್ರಿಲ್ 5ರಂದು ಮೀಡಿಯಾ ಒನ್ ಅನ್ನುವ ಮಲಯಾಳಂ ಚಾನೆಲ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯವಾದ ಮಾತು ಹೇಳಿತು. ಗೃಹ ಇಲಾಖೆ ಸೆಕ್ಯುರಿಟಿ ಕ್ಲಿಯರೆನ್ಸ್ ನಿರಾಕರಿಸಿ, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಮಾತ್ರ ಕೊಟ್ಟಿತ್ತು. ದೇಶದ ಭದ್ರತೆ ಅಂತ ಬರೀ ಬಾಯಿಮಾತಿನಲ್ಲಿ ಹೇಳಿ ಸಹಜ ನ್ಯಾಯವನ್ನು ಬದಿಗಿಡಲು ಆಗದು ಅಂತ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅದು ಒಂದು ಕಂಪನಿಯ ಲೈಸೆನ್ಸಿನ ವಿಷಯವಾಗಿತ್ತು. ಇದೇ ನ್ಯಾಯ ಅಟೆಸ್ಟೇಷನ್ ಫಾರಂ ತುಂಬಿ ಕಾಯುವ ಪ್ರತಿಯೊಬ್ಬ ಹುಡುಗ ಹುಡುಗಿಗೂ ಸಿಗಬೇಕು. ಇಂತಿಷ್ಟು ದಿನದೊಳಗೆ ವೆರಿಫಿಕೇಶನ್ ಮುಗಿಸಬೇಕು. ಬೇಡ ಅನ್ನುವುದಾದರೆ ಯಾಕೆ ಬೇಡ ಅಂತ ಬರೆದು ಕೊಡಬೇಕು, ರಹಸ್ಯದ ಮೂಲ ಬಿಟ್ಟು. ಉತ್ತರ ಹೇಳಲು ಒಮ್ಮೆಯಾದರೂ ಅವಕಾಶ ಕೊಡಬೇಕು. ಮಕ್ಕಳು ತಮ್ಮ ಮನೆಯವರ ಹೆಸರನ್ನೆಲ್ಲ ನಂಬಿ ಬರೆದುಕೊಟ್ಟಿದ್ದಾರೆ. ಸರ್ಕಾರ ಅವರಿಗೆ ಇಷ್ಟನ್ನು ಕೊಡಲು ಹೊಸ ಕಾನೂನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.